ಎನ್ ಎಷ್ಟೆಂದು ಕಂಪೈಲರ್‌ಗೆ ಗೊತ್ತಾಗುವುದು ಯಾವಾಗ?

ರಸ್ಟ್ ಭಾಷೆಯ ಹಳೆಯ ಆವೃತ್ತಿಗಳಲ್ಲಿ ಕೆಲಸ ಮಾಡಿದವರಿಗೆ 32ರ ಕಾಟ ನೆನಪಿರುತ್ತದೆ. 32 ಅಂಶಗಳ ಅರೇಯನ್ನು ಇನ್ನೊಂದರ ಜೊತೆ ಹೋಲಿಸಬಹುದಿತ್ತು, ಡೀಬಗ್‌ಗೆಂದು ಪ್ರಿಂಟ್ ಮಾಡಬಹುದಿತ್ತು. 33 ಆಯಿತೋ, ಎರಡೂ ಇಲ್ಲ. ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿ ಈ ಸೌಲಭ್ಯಗಳನ್ನು 32ರವರೆಗಿನ ಉದ್ದಗಳಿಗೆ ಮಾತ್ರ ಕೊಟ್ಟಿದ್ದರು. 2020ರ ಅಕ್ಟೋಬರ್‌ನಲ್ಲಿ ಬಂದ 1.47ರಲ್ಲಿ ಆ ಮಿತಿ ಬಹುಮಟ್ಟಿಗೆ ಹೋಯಿತು. 'ಉದ್ದ ಎಷ್ಟಾದರೂ ಇರಲಿ, ಅದನ್ನು ಎನ್ ಅನ್ನೋಣ' ಎಂದು ನಮ್ಮ ಕೋಡಿನಲ್ಲೂ ಬರೆಯುವ ಅವಕಾಶ, ಅಂದರೆ ಕಾನ್ಸ್ಟ್ ಜೆನೆರಿಕ್ಸ್, ಸಿಕ್ಕಿದ್ದು 2021ರ ಮಾರ್ಚ್‌ನ 1.51ರಲ್ಲಿ.

ಸಣ್ಣ ಮೈಕ್ರೊಕಂಟ್ರೋಲರ್‌ಗಳಿಗೆ ಫರ್ಮ್‌ವೇರ್ ಬರೆಯುವ ನನಗೆ ಅದು ಆಗಿನಿಂದ ದಿನಬಳಕೆಯ ಸಾಮಾನು. ನಮ್ಮ ಬೋರ್ಡುಗಳಲ್ಲಿ ಹೀಪ್ ಇಟ್ಟುಕೊಳ್ಳುವುದಿಲ್ಲ. ಬಫರ್ ಎಷ್ಟು ದೊಡ್ಡದೆಂಬುದು ಕಂಪೈಲ್ ಆಗುವಾಗಲೇ ತೀರ್ಮಾನವಾಗಬೇಕು. ಇಷ್ಟು ದಿನ ಬಳಸಿ ನನಗೆ ಮನದಟ್ಟಾದದ್ದು ಇದು: ಕಂಪೈಲರ್ ಎನ್ ಅನ್ನು ಎರಡು ಹಂತದಲ್ಲಿ ನೋಡುತ್ತದೆ. ಟೈಪ್ ತಪಾಸಣೆಯಲ್ಲಿ ಎನ್ ಬರೀ ಹೆಸರು. ಕೋಡ್ ಹೊರಡಿಸುವಾಗ ಅದು 16, 64 ಎಂಬ ಸಂಖ್ಯೆ. ತೊಡಕು ಯಾವ ಹಂತದ್ದೆಂದು ಗೊತ್ತಾದರೆ ಅರ್ಧ ಬಗೆಹರಿದಂತೆ.

ಮೊದಲ ಹಂತದ ತಕರಾರು ಎಲ್ಲರಿಗೂ ಎದುರಾಗುತ್ತದೆ. ನಮ್ಮಲ್ಲಿ ಎನ್ ಬೈಟ್‌ಗಳ ದತ್ತಾಂಶದ ಹಿಂದೆ 2 ಬೈಟ್‌ಗಳ ಸಿಆರ್‌ಸಿ ಸೇರಿಸಿ ಕಳಿಸುವ ಫ್ರೇಮ್ ಒಂದಿತ್ತು. ತಂಡಕ್ಕೆ ಹೊಸದಾಗಿ ಸೇರಿದ ಹುಡುಗ ಅದರ ಉದ್ದವನ್ನು 'ಎನ್ + 2' ಎಂದು ಬರೆದ. ಜೆನೆರಿಕ್ ಪ್ಯಾರಾಮೀಟರನ್ನು ಇಂಥ ಲೆಕ್ಕದಲ್ಲಿ ಬಳಸುವಂತಿಲ್ಲ ಎಂದು ಕಂಪೈಲರ್ ನಿಲ್ಲಿಸಿತು.

"ಬರೀ ಎರಡು ಕೂಡಿಸೋಕೆ ಇದಕ್ಕೇನ್ ಸಾರ್ ಕಷ್ಟ?" ಅಂದ.

"ಕೂಡಿಸೋದು ಕಷ್ಟ ಅಲ್ಲಪ್ಪ. ಯಾವುದಕ್ಕೆ ಕೂಡಿಸಬೇಕು ಅಂತ ಅದಕ್ಕಿನ್ನೂ ಗೊತ್ತಿಲ್ಲ" ಅಂದೆ.

ಅಸಲು ವಿಷಯ ಅದೇ. ಜೆನೆರಿಕ್ ಫಂಕ್ಷನ್ ಬರೆದಾಗ ರಸ್ಟ್ ಅದರ ಟೈಪ್‌ಗಳನ್ನು ಒಂದೇ ಸಲ, ಎಲ್ಲ ಎನ್‌ಗಳಿಗೂ ಸೇರಿಸಿ ಪರಿಶೀಲಿಸುತ್ತದೆ. ಒಂದು ಕಡೆ 'ಎನ್ + 2', ಇನ್ನೊಂದು ಕಡೆ '2 + ಎನ್' ಎಂದಿದ್ದರೆ ಎರಡೂ ಒಂದೇ ಟೈಪ್ ಹೌದೋ ಅಲ್ಲವೋ? ಅದನ್ನು ಹೇಳಲು ಬೀಜಗಣಿತ ಬಲ್ಲ ಟೈಪ್ ತಪಾಸಣೆ ಬೇಕು, ಅದು ಇಲ್ಲ. ಜೊತೆಗೆ 'ಎನ್ - 1' ಎಂದು ಬರೆದು ಯಾರೋ 0 ಕೊಟ್ಟರೆ ಟೈಪೇ ಹುಟ್ಟುವುದಿಲ್ಲ. ಸಿ++ ಟೆಂಪ್ಲೇಟ್‌ಗಳು ಇಂಥವನ್ನು ಸಂಖ್ಯೆ ಸಿಗುವವರೆಗೆ ಮುಂದೂಡುತ್ತವೆ. ಎಡವಟ್ಟಾದರೆ ಲೈಬ್ರರಿ ಬಳಸುವವರ ತಲೆಯ ಮೇಲೆ ಬೀಳುತ್ತದೆ. ರಸ್ಟ್‌ನಲ್ಲಿ ಈ ಲೆಕ್ಕಗಳಿಗೆ ಅವಕಾಶ ಕೊಡುವ ಪ್ರಯೋಗ ನೈಟ್ಲಿ ಆವೃತ್ತಿಯಲ್ಲಷ್ಟೇ ಇದೆ.

ನಮ್ಮ ಫ್ರೇಮ್‌ಗೆ ದಾರಿ ಸುಲಭವಾಗಿಯೇ ಸಿಕ್ಕಿತು. ಒಂದೇ ಅರೇ ಬದಲು ಸ್ಟ್ರಕ್ಟ್ ಒಳಗೆ ಎನ್ ಬೈಟ್‌ಗಳ ಒಂದು ಫೀಲ್ಡ್, 2 ಬೈಟ್‌ಗಳ ಇನ್ನೊಂದು. ಮೇಲೆ ಸಿ ಭಾಷೆಯ ವಿನ್ಯಾಸವೇ ಇರಲಿ ಎಂಬ ಸೂಚನೆ. ಎರಡೂ ಬೈಟ್ ಅರೇಗಳಾದ್ದರಿಂದ ನಡುವೆ ಪ್ಯಾಡಿಂಗ್ ಬರುವುದಿಲ್ಲ; ಮೆಮೊರಿಯಲ್ಲಿ ಒತ್ತೊತ್ತಾಗಿ ಕೂರುತ್ತವೆ. ಕೂಡುವ ಲೆಕ್ಕವೇ ಬೇಕಾಗಲಿಲ್ಲ.

ಎರಡನೇ ಹಂತದ ಸಂಗತಿ ಬೇರೆ. ರಿಂಗ್ ಬಫರ್‌ನಲ್ಲಿ ಸೂಚ್ಯಂಕವನ್ನು ಎನ್‌ನಿಂದ ಭಾಗಿಸಿ ಶೇಷ ತೆಗೆಯುತ್ತೇವೆ. ಎನ್ 64 ಆದರೆ ಆಪ್ಟಿಮೈಸರ್ ಆ ಭಾಗಾಕಾರವನ್ನು ಕಿತ್ತು 63ರ ಜೊತೆ ಬಿಟ್ ಆ್ಯಂಡ್ ಮಾಡಿಬಿಡುತ್ತದೆ. ಭಾಗಾಕಾರದ ಸೂಚನೆಯೇ ಇಲ್ಲದ ಚಿಪ್‌ಗಳಲ್ಲಿ ಇದು ದೊಡ್ಡ ಲಾಭ. ಹಾಗಾಗಿ 'ಎನ್ ಎರಡರ ಘಾತವಾಗಿರಲೇಬೇಕು' ಎಂಬ ಅಸರ್ಟ್ ಅನ್ನು ಕಾನ್ಸ್ಟ್ ಬ್ಲಾಕ್ ಒಳಗೆ ಇಡುತ್ತೇನೆ, 2024ರ 1.79ರಿಂದ ಇದು ಫಂಕ್ಷನ್ ಒಳಗೇ ನೇರವಾಗಿ ಬರುತ್ತದೆ. 0 ಎರಡರ ಘಾತವಲ್ಲ, ಆದ್ದರಿಂದ ಸೊನ್ನೆಯಿಂದ ಭಾಗಿಸುವ ಅಪಾಯವೂ ಅಲ್ಲೇ ಮುಗಿಯಿತು.

ಆದರೆ ಈ ಅಸರ್ಟ್ ಲೆಕ್ಕಕ್ಕೆ ಬರುವುದು ಎನ್‌ಗೆ ಸಂಖ್ಯೆ ಸಿಕ್ಕ ಮೇಲೆ. ಅಂದರೆ ಕಾರ್ಗೋ ಚೆಕ್ ಹಸಿರು ತೋರಿಸಿಯೂ ಕಾರ್ಗೋ ಬಿಲ್ಡ್ ಬೀಳಬಹುದು, ಏಕೆಂದರೆ ಚೆಕ್ ಕೋಡ್ ಹೊರಡಿಸುವವರೆಗೆ ಹೋಗುವುದೇ ಇಲ್ಲ. ಇಂಥ ಅಸರ್ಟ್‌ಗಳಿರುವ ಪ್ರಾಜೆಕ್ಟ್‌ಗೆ ಸಿಐಯಲ್ಲಿ ಚೆಕ್ ಒಂದೇ ಸಾಲದು, ಪೂರ್ತಿ ಬಿಲ್ಡ್ ಬೇಕು.

ಇದೇ ಹಂತದಲ್ಲಿ ಬಿಲ್ಲೂ ಬರುತ್ತದೆ. 16, 64, 256 ಎಂದು ಮೂರು ಅಳತೆಯ ಬಫರ್ ಬಳಸಿದರೆ, ಕರೆದ ಪ್ರತಿ ಮೆಥಡ್‌ಗೂ ಮೂರು ಪ್ರತಿ. ಡೆಸ್ಕ್‌ಟಾಪ್‌ನಲ್ಲಿ ಯಾರೂ ಲೆಕ್ಕ ಇಡುವುದಿಲ್ಲ. 64 ಕಿಲೋಬೈಟ್ ಫ್ಲ್ಯಾಷ್‌ನಲ್ಲಿ ಇಡಲೇಬೇಕು. ನಾನು ಅನುಸರಿಸುವ ಉಪಾಯ: ಹೊರಗಿನ ಜೆನೆರಿಕ್ ಫಂಕ್ಷನ್ ಒಂದೆರಡು ಸಾಲಿನದು. ಅದು ಎನ್ ಉದ್ದದ ಅರೇಯನ್ನು ಸ್ಲೈಸ್ ಮಾಡಿ ಒಳಗಿನ ಸಾದಾ ಫಂಕ್ಷನ್‌ಗೆ ದಾಟಿಸುತ್ತದೆ. ನಿಜವಾದ ಕೆಲಸ ಅಲ್ಲಿ, ಒಂದೇ ಪ್ರತಿಯಲ್ಲಿ. ಅಲ್ಲಿ ಉದ್ದ ರನ್‌ಟೈಮ್‌ನಲ್ಲಿ ತಿಳಿಯುವುದರಿಂದ ಆ ಬಿಟ್ ಆ್ಯಂಡ್‌ನ ಲಾಭ ಕೈತಪ್ಪಬಹುದು. ಆದ್ದರಿಂದ ಇಂಟರಪ್ಟ್ ಒಳಗೆ ಓಡುವ ಕೋಡನ್ನು ಜೆನೆರಿಕ್ ಆಗಿಯೇ ಬಿಡುತ್ತೇನೆ, ಉಳಿದದ್ದನ್ನು ಸ್ಲೈಸ್‌ಗೆ ತಳ್ಳುತ್ತೇನೆ.

ಈಗ ಯಾರಾದರೂ ಎನ್ ಮೇಲೆ ಲೆಕ್ಕ ಹಾಕುವ ಕೋಡ್ ರಿವ್ಯೂಗೆ ತಂದರೆ ನಾನು ಕೇಳುವುದು ಒಂದೇ: ಈ ಲೆಕ್ಕ ಟೈಪ್‌ನಲ್ಲೇ ಇರಬೇಕೇ, ಫಂಕ್ಷನ್ ಒಳಗಿದ್ದರೆ ಸಾಲದೇ? ಒಳಗೆ ಸಾಕೆಂದರೆ ಇವತ್ತಿನ ಸ್ಟೇಬಲ್ ರಸ್ಟ್ ತಕರಾರಿಲ್ಲದೆ ಮಾಡಿಕೊಡುತ್ತದೆ. ಟೈಪ್‌ನಲ್ಲೇ ಬೇಕೆಂದರೆ, ನಮ್ಮ ಫ್ರೇಮ್‌ನ ಹಾಗೆ ಸ್ಟ್ರಕ್ಟ್ ಒಡೆದು ಬರೆಯಲು ಬರುತ್ತದೆಯೇ ಎಂದು ಮೊದಲು ನೋಡುವುದು ಒಳ್ಳೆಯದು.