ರಾಸುಗಳಿಗೆ ಹಿಂಸೆ: ಶಿಕ್ಷೆ ಎಷ್ಟು, ಯಾರಿಗೆ?



ದನಕ್ಕೆ ಹಿಂಸೆ ಕೊಟ್ಟರೆ ಐವತ್ತು ರೂಪಾಯಿ ದಂಡ ಕಟ್ಟಿ ಬಂದರಾಯಿತು ಎನ್ನುವವರು ಇದ್ದಾರೆ. ಈ ಮಾತು ಅರ್ಧ ನಿಜ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಪ್ರಕಾರ ರಾಸನ್ನು ಹಿಂಸೆಯಾಗುವಂತೆ ಹೊಡೆಯುವುದು, ಗಾಯವಾದ ಎತ್ತನ್ನು ದುಡಿಸುವುದು, ಸಾಕಷ್ಟು ಮೇವು ನೀರು ಕೊಡದಿರುವುದು, ತೀರಾ ಗಿಡ್ಡ ಹಗ್ಗದಲ್ಲಿ ಬಹಳ ಹೊತ್ತು ಕಟ್ಟಿಹಾಕುವುದು ಎಲ್ಲವೂ ಅಪರಾಧ. ಗಂಡು ಕರುವನ್ನು ರಾತ್ರೋರಾತ್ರಿ ಸಂತೆಮಾಳದಲ್ಲಿ ಬಿಟ್ಟು ಬರುವುದೂ ಇದರಲ್ಲೇ ಬರುತ್ತದೆ. ಮೊದಲ ಸಲ ಸಿಕ್ಕಿಬಿದ್ದರೆ ದಂಡ 10ರಿಂದ 50 ರೂಪಾಯಿ. ಎರಡು ಲೀಟರ್ ಹಾಲಿನ ಬೆಲೆಯೂ ಅಲ್ಲ! ಮೂರು ವರ್ಷದೊಳಗೆ ಮತ್ತೆ ಮಾಡಿದರೆ 25ರಿಂದ 100 ರೂಪಾಯಿ ದಂಡ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಇದನ್ನು ಬಿಗಿಗೊಳಿಸಲು ಕೇಂದ್ರ ಸರ್ಕಾರ 2022ರಲ್ಲಿ ಕರಡು ಪ್ರಕಟಿಸಿ ಜನರ ಅಭಿಪ್ರಾಯ ಕೇಳಿತ್ತು. ಕರಡು ಕಾನೂನಾಗುವವರೆಗೆ ಹಳೆಯ ಮೊತ್ತವೇ.

ಆದರೆ ಅದೇ ಕಾಯ್ದೆಯ 12ನೇ ಕಲಂ ಬೇರೆ ಮಾತು ಹೇಳುತ್ತದೆ. ನಮಗೆ ಹೆಚ್ಚು ಸಂಬಂಧಿಸಿದ್ದು ಇದೇ. ಹಾಲು ಹೆಚ್ಚು ಇಳಿಯಲೆಂದು ರಾಸಿನ ಆರೋಗ್ಯಕ್ಕೆ ಕೆಡುಕಾಗುವ ಯಾವುದೇ ಇಂಜೆಕ್ಷನ್ ಕೊಟ್ಟರೆ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡು ವರ್ಷದವರೆಗೆ ಜೈಲು, ಇಲ್ಲವೇ ಎರಡೂ. ಅದರ ಮೇಲೆ ಆ ಹಸುವೇ ಸರ್ಕಾರದ ಪಾಲು. ಸಾಲ ಮಾಡಿ ತಂದ ಹಸು ಕೊಟ್ಟಿಗೆಯಿಂದ ಹೋಗುತ್ತದೆ, ಸಾಲದ ಕಂತು ಉಳಿಯುತ್ತದೆ. ಚುಚ್ಚಿದವರು ಯಜಮಾನರೋ ಹಾಲು ಕರೆಯುವ ಆಳೋ ಆಗಿರಬಹುದು. ನಿಮ್ಮ ರಾಸಿಗೆ ಚುಚ್ಚಲು ಬಿಟ್ಟರೆ ನೀವೂ ಅಪರಾಧಿಯೇ. ಆಕ್ಸಿಟೋಸಿನ್ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲದ ಔಷಧ. ಹಸು ಹಾಲು ಇಳಿಸದಿದ್ದರೆ ಮೊದಲು ಕರು ಬಿಡಿ, ಉಗುರು ಬೆಚ್ಚಗಿನ ನೀರಿನಲ್ಲಿ ಕೆಚ್ಚಲು ತೊಳೆಯಿರಿ, ದಿನವೂ ಅದೇ ಹೊತ್ತಿಗೆ ಕರೆಯಿರಿ. ಆಗಲೂ ಒದ್ದರೆ ಕೆಚ್ಚಲು ಬಾವಿನ ನೋವಿರಬಹುದು, ಪಶುವೈದ್ಯರಿಗೆ ತೋರಿಸಿ.

ಇನ್ನು ಬೇರೆಯವರು ನಿಮ್ಮ ರಾಸಿಗೆ ಕೇಡು ಮಾಡಿದರೆ? 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಇದೆ. ಪ್ರಾಣಿಯನ್ನು ಬೇಕೆಂದೇ ಕೊಂದರೆ, ವಿಷವಿಕ್ಕಿದರೆ, ಅಂಗ ಊನ ಮಾಡಿದರೆ ಐದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. 2025ರ ಜನವರಿಯಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಮೂರು ಹಸುಗಳ ಕೆಚ್ಚಲು ಕೊಯ್ದ ಸುದ್ದಿ ನಿಮಗೆ ನೆನಪಿರಬಹುದು. ಹಗ್ಗ ಕಿತ್ತುಕೊಂಡು ಹೋದ ಹಸು ಪಕ್ಕದವರ ಹೊಲ ಮೇದರೆ ಅವರು ದೊಡ್ಡಿಗೆ ಹೊಡೆಯಬಹುದು, ನಷ್ಟ ಕೇಳಬಹುದು. ಮಚ್ಚು ಬೀಸುವ ಹಕ್ಕಿಲ್ಲ.

ಅಂಥ ದಿನ ಗಾಯ ತೊಳೆಯುವ ಮೊದಲೇ ಮೊಬೈಲಿನಲ್ಲಿ ಫೋಟೋ ತೆಗೆಯಿರಿ, ಕಿವಿಯೋಲೆಯ ಸಂಖ್ಯೆಯೂ ಕಾಣಲಿ. ಪಶುವೈದ್ಯರಿಂದ ಗಾಯದ ಬಗ್ಗೆ ಬರವಣಿಗೆಯಲ್ಲಿ ಪಡೆಯಿರಿ. ರಾಸು ಸತ್ತಿದ್ದರೆ ಮರಣೋತ್ತರ ಪರೀಕ್ಷೆಗೆ ಮುಂಚೆ ಹೂಳಬೇಡಿ. ವಿಮೆಗೂ ಅದು ಬೇಕು. ಠಾಣೆಯಲ್ಲಿ ದೂರು ದಾಖಲಿಸಿದ ಮೇಲೆ ಎಫ್‌ಐಆರ್ ಪ್ರತಿ ಉಚಿತವಾಗಿ ಕೊಡಬೇಕು, ಕೇಳಿ ಪಡೆಯಿರಿ. ರಾಜಿ ಪಂಚಾಯಿತಿ ಎಂದು ದಿನ ದೂಡಬೇಡಿ. 1960ರ ಕಾಯ್ದೆಯಡಿ ಮೊಕದ್ದಮೆ ಹೂಡಲು ಘಟನೆಯ ದಿನದಿಂದ ಮೂರು ತಿಂಗಳಷ್ಟೇ ಅವಕಾಶ.