ಅಂಜಿದ ಅನಾಥ ಮಗುವನ್ನು ಸೇರಿಸಿಕೊಳ್ಳುವ ವಿಷಯ

ಬೀದಿಯಲ್ಲಿ ಬೆಳೆದ ಮಗುವಿಗೆ ಹೊಟ್ಟೆತುಂಬ ಊಟವನ್ನೂ ಮೈಗೆ ಬಟ್ಟೆಯನ್ನೂ ಮಲಗುವದಕ್ಕೆ ಹಾಸಿಗೆಯನ್ನೂ ಕೊಟ್ಟ ಕೂಡಲೇ ಅದು ನಗುತ್ತಾ ಆಡುವದೆಂದು ನಮ್ಮಲ್ಲಿ ಅನೇಕರು ನೆನಸುತ್ತಾರೆ. ಹಾಗಾಗದೆ, ಅದು ಮೂಲೆ ಸೇರಿ, ರೊಟ್ಟಿಯನ್ನು ಬಟ್ಟೆಯಲ್ಲಿ ಬಚ್ಚಿಟ್ಟು, ಯಾರಾದರೂ ಕೈ ಎತ್ತಿದರೆ ಬೆಚ್ಚಿಬಿದ್ದರೆ, ‘ಉಪಕಾರವರಿಯದ ಕೂಸು’ ಅನ್ನುತ್ತಾರೆ. ಈ ಮಾತು ನ್ಯಾಯವೋ ಅಲ್ಲವೋ ಎಂಬದನ್ನು ಈ ಪಾಠದಲ್ಲಿ ವಿಚಾರಿಸೋಣ.

ಇದಕ್ಕೆ ಪಂಡಿತಾ ರಮಾಬಾಯಿಯವರ ಚರಿತ್ರೆಯು ತಕ್ಕ ದೃಷ್ಟಾಂತವಾಗಿದೆ. ಅವರು 1858ರಲ್ಲಿ ನಮ್ಮ ಕನ್ನಡ ಸೀಮೆಯ ಪಡುವಣ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದರು. ಬರಗಾಲದ ದಿನಗಳಲ್ಲಿ ತಂದೆತಾಯಿಗಳು ತೀರಿಹೋದ ಮೇಲೆ ಅವರೂ ಅವರ ಅಣ್ಣನೂ ಊರೂರು ನಡೆದು, ಹಸಿವೆಯನ್ನೂ ಚಳಿಯನ್ನೂ ಸಹಿಸಿ, 1878ರಲ್ಲಿ ಕಲ್ಕತ್ತೆಯನ್ನು ಮುಟ್ಟಿದರು. ಆದದರಿಂದ ದಿಕ್ಕಿಲ್ಲದವರ ಕಷ್ಟವು ಅವರಿಗೆ ಕೇಳಿದ ಮಾತಾಗಿರಲಿಲ್ಲ, ಉಂಡ ನೋವಾಗಿತ್ತು.

1896-97ರಲ್ಲಿ ಮಧ್ಯಪ್ರಾಂತದಲ್ಲಿ ಘೋರವಾದ ಬರ ಬಿದ್ದಾಗ ರಮಾಬಾಯಿಯವರು ಅಲ್ಲಿಗೆ ಹೋಗಿ, ನೂರಾರು ಮಂದಿ ಹುಡುಗಿಯರನ್ನೂ ವಿಧವೆಯರನ್ನೂ ಕರತಂದು ಪುಣೆಯ ಬಳಿಯ ಕೇಡಗಾಂವದಲ್ಲಿ ಇರಿಸಿದರು. ಯಾದಗಿರಿಯಿಂದ ಪುಣೆಗೆ ಹೋಗುವ ರೈಲು ಹಾದಿಯಲ್ಲಿಯೇ ಆ ಊರು ಇದೆ. ಬಂದವರಿಗೆ ಅನ್ನ ಸಿಕ್ಕಿತು, ಆದರೆ ಭಯ ಬಿಡಲಿಲ್ಲ. ತಮ್ಮನ್ನು ಚೆನ್ನಾಗಿ ಉಣಿಸಿ ಕೊಬ್ಬಿಸಿ, ತಲೆಕೆಳಗಾಗಿ ತೂಗಹಾಕಿ, ಕೆಳಗೆ ಬೆಂಕಿಯಿಟ್ಟು ಎಣ್ಣೆ ತೆಗೆಯುವರೆಂದು ಅವರಲ್ಲಿ ಕೆಲವರು ನಂಬಿದ್ದರು!

ಇದನ್ನು ಓದಿ ನಗಬಾರದು. ಯಾಕಂದರೆ ಬರದ ಊರುಗಳಲ್ಲಿ ಅನ್ನದ ಆಶೆ ತೋರಿಸಿ ಹುಡುಗಿಯರನ್ನು ಕೆಟ್ಟ ಬಾಳಿಗೆ ಒಯ್ಯುವವರು ನಿಜವಾಗಿಯೂ ತಿರುಗುತ್ತಿದ್ದರು. ಮೋಸವನ್ನೇ ಕಂಡವರಿಗೆ ಪ್ರೀತಿಯೂ ಬಲೆಯಂತೆ ತೋರುವದು. ಹಾಗಾದರೆ ಮಗುವಿನ ಅನುಮಾನವು ದುಷ್ಟತನವಲ್ಲ. ಅದನ್ನು ಇಷ್ಟು ದಿನ ಜೀವದಿಂದ ಉಳಿಸಿದ ಜಾಣತನವೇ ಅದು.

ಈ ಭಯಕ್ಕೆ ರಮಾಬಾಯಿಯವರು ಕಂಡ ಉಪಾಯವೇನು? 1889ರಲ್ಲಿ ಮುಂಬಯಿಯಲ್ಲಿ ತೆರೆದು ತರುವಾಯ ಪುಣೆಗೆ ತಂದ ಶಾರದಾ ಸದನದಲ್ಲಿ ಕಲಿತ ಹೆಣ್ಣುಮಕ್ಕಳನ್ನು ಹೊಸಬರ ಆರೈಕೆಗೆ ನೇಮಿಸಿದರು. ದೊಡ್ಡವರ ಬುದ್ಧಿಮಾತಿಗಿಂತ, ‘ನಾನೂ ನಿನ್ನಂತೆ ಬಂದವಳೇ’ ಅನ್ನಬಲ್ಲ ಒಬ್ಬ ಅಕ್ಕನ ಸಂಗಡವು ಹೆಚ್ಚು ಧೈರ್ಯ ಕೊಡುವದು. ಮುಂದೆ ಅವರು ಓದುಬರಹವನ್ನೂ ಹೊಲಿಗೆ, ನೇಯ್ಗೆ, ಅಚ್ಚುಕೂಟದ ಕೆಲಸಗಳನ್ನೂ ಕಲಿತರು. ಕಲಬುರಗಿಯಲ್ಲಿಯೂ ಆ ಸಂಸ್ಥೆಯವರು ಶಾಲೆಯನ್ನು ತೆರೆದರು.

ಇನ್ನು ನಮ್ಮ ಕರ್ತವ್ಯವನ್ನು ನೋಡೋಣ. ಶಹಾಪುರ ಸುರಪುರಗಳ ಹಳ್ಳಿಗಳಿಂದ ಕೂಲಿಗಾಗಿ ದೂರದ ಊರುಗಳಿಗೆ ಹೋಗುವವರು ಅನೇಕರು. ಆದದರಿಂದ ಯಾದಗಿರಿಯ ನಿಲ್ದಾಣದಲ್ಲಾಗಲಿ ಸಂತೆಯಲ್ಲಾಗಲಿ ಒಂಟಿ ಮಗುವನ್ನು ಕಂಡರೆ ಏನು ಮಾಡಬೇಕೆಂದು ಎಲ್ಲರೂ ತಿಳಿದಿರಬೇಕು.

ಒಂದನೆಯದಾಗಿ, ಅದನ್ನು ಗುಟ್ಟಾಗಿ ಮನೆಯಲ್ಲಿ ಇರಿಸಿಕೊಳ್ಳಬಾರದು. 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ 24 ತಾಸಿನೊಳಗೆ ಪೊಲೀಸರಿಗಾಗಲಿ ಮಕ್ಕಳ ಕಲ್ಯಾಣ ಸಮಿತಿಗಾಗಲಿ 1098 ಎಂಬ ಮಕ್ಕಳ ಸಹಾಯವಾಣಿಗಾಗಲಿ ತಿಳಿಸಬೇಕು. ಆ ಮಗುವನ್ನು ಹುಡುಕುತ್ತಾ ಒಬ್ಬ ತಾಯಿ ಅಳುತ್ತಿರಬಹುದಲ್ಲವೇ? ಮಗುವು ಎಲ್ಲಿರಬೇಕೆಂಬದನ್ನು ಸಮಿತಿಯೇ ಗೊತ್ತುಮಾಡುವದು.

ಎರಡನೆಯದಾಗಿ, ಬಹುದಿನ ಉಪವಾಸವಿದ್ದ ಮಗುವಿಗೆ ಒಮ್ಮೆಲೇ ಹೊಟ್ಟೆ ಬಿರಿಯ ಉಣಿಸಿದರೆ ಪ್ರಾಣಕ್ಕೇ ಅಪಾಯವುಂಟು. ವೈದ್ಯರಿಗೆ ತೋರಿಸಿ, ಸ್ವಲ್ಪಸ್ವಲ್ಪವಾಗಿ ಕೊಡಬೇಕು.

ಮೂರನೆಯದಾಗಿ, ಸಮಿತಿಯ ಅಪ್ಪಣೆಯಿಂದ ಮಗುವು ನಮ್ಮ ಮನೆಗಾಗಲಿ ಮಕ್ಕಳ ಮನೆಗಾಗಲಿ ಬಂದ ಮೇಲೆ, ಬಚ್ಚಿಟ್ಟ ರೊಟ್ಟಿಗಾಗಿ ಗದರಿಸಬಾರದು. ಹೊತ್ತಿಗೆ ಸರಿಯಾಗಿ ಊಟ ಬರುವದೆಂದು ದಿನವೂ ಕಂಡರೆ ಬಚ್ಚಿಡುವ ಅಭ್ಯಾಸವು ಮೆಲ್ಲಗೆ ಬಿಡುವದು. ಹಾಸಿಗೆ ಬಿಟ್ಟು ಬಾಗಿಲ ಬಳಿ ನೆಲದ ಮೇಲೆ ಮಲಗಿದರೆ ಮಲಗಲಿ. ಕೈ ಎತ್ತಬಾರದು, ಕೊಟ್ಟ ಮಾತನ್ನು ತಪ್ಪಬಾರದು.

ನಾಲ್ಕನೆಯದಾಗಿ, ಜೊತೆಯ ಮಕ್ಕಳ ಮುಂದೆ ಅದರ ಜಾತಿಯನ್ನೂ ತಂದೆತಾಯಿಗಳ ಸಂಗತಿಯನ್ನೂ ಕೆದಕಬಾರದು. ತಾಳ್ಮೆಯುಳ್ಳ ಒಬ್ಬ ಸಂಗಡಿಗನನ್ನು ಅದಕ್ಕೆ ಜೊತೆಮಾಡಿರಿ. ಅದು ಆಡದಿದ್ದರೂ ಆಟ ನೋಡುತ್ತಾ ಕೂತಿರಲಿ.

ನಮ್ಮ ಅವಸರವನ್ನು ತಾಳಲಾರದೆ ಮಗುವು ಓಡಿಹೋದರೆ, ಮುಂದಿನ ನಿಲ್ದಾಣದಲ್ಲಿ ಅದರ ಕೈ ಹಿಡಿಯುವವರು ಎಂಥವರೋ! ಆದದರಿಂದ, ಮಗುವು ನಮ್ಮನ್ನು ಯಾವಾಗ ನಂಬುವದು ಎಂದು ಕೇಳುವದನ್ನು ಬಿಟ್ಟು, ನಂಬತಕ್ಕವರಾಗಿ ನಾವು ನಡೆದೆವೋ ಎಂದು ಪ್ರತಿದಿನ ನಮ್ಮನ್ನೇ ಕೇಳಿಕೊಳ್ಳೋಣ.