ರ‍್ಯಾಪ್ ಗೀತವೂ ಸಿರಿಯ ಮೆರೆತವೂ

ಸದ್ಭಕ್ತರೇ, ಯಾವುದೊಂದು ಪ್ರಶ್ನೆಯನ್ನಾಗಲಿ ವಿಚಾರಿಸಿ ತೀರ್ಮಾನಕ್ಕೆ ಬರಬೇಕಾದರೆ ವಿಷಯ, ಸಂಶಯ, ಪೂರ್ವಪಕ್ಷ, ಉತ್ತರಪಕ್ಷ, ನಿರ್ಣಯವೆಂಬ ಐದು ಮೆಟ್ಟಿಲುಗಳನ್ನು ಕ್ರಮವಾಗಿ ಏರಬೇಕೆಂದು ಪೂರ್ವಾಚಾರ್ಯರು ವಿಧಿಸಿರುವರು. ಎದುರಾಳಿಯ ಮಾತನ್ನು ಪೂರ್ತಿಯಾಗಿ ಕೇಳದೆ ತೀರ್ಪು ಹೇಳುವವನು ಪಂಡಿತನಲ್ಲವೆಂಬುದೇ ಈ ಕ್ರಮದ ತಾತ್ಪರ್ಯವು. ಈ ತಿಂಗಳ ಪಾಠದಲ್ಲಿ ನಮ್ಮ ಮನೆಗಳೊಳಗೆ ಹೊಸದಾಗಿ ಹೊಕ್ಕಿರುವ ಒಂದು ವಿಷಯವನ್ನು ಅದೇ ಕ್ರಮದಿಂದ ಪರಿಶೀಲಿಸೋಣ.

ವಿಷಯ

ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳ ಹಳ್ಳಿಹಳ್ಳಿಗಳಲ್ಲಿಯೂ ಇಂದು ಹರೆಯದ ಹುಡುಗರ ಕೈಯಲ್ಲಿ ಮೊಬೈಲು ಇದೆ; ಅದರಲ್ಲಿ ರ‍್ಯಾಪ್ ಎಂಬ ಹಾಡು ಇದೆ. ಇದರಲ್ಲಿ ರಾಗಕ್ಕಿಂತ ಮಾತಿಗೆ ಪ್ರಾಧಾನ್ಯವು ಹೆಚ್ಚು. ಬಲವಾದ ತಾಳದ ಮೇಲೆ ಪ್ರಾಸಬದ್ಧವಾದ ಮಾತುಗಳನ್ನು ಶೀಘ್ರವಾಗಿ ನುಡಿಯುತ್ತ ಹೋಗುವುದೇ ಇದರ ಲಕ್ಷಣವು. ನಮ್ಮ ಸೀಮೆಯವರಿಗೆ ಇದು ತೀರ ಅಪರಿಚಿತವಾದುದೆಂದು ಹೇಳಲಾಗದು. ಗೀಗೀ ಮೇಳಗಳಲ್ಲಿ ಹರದೇಶಿ ನಾಗೇಶಿಯರು ಡಪ್ಪು ತುಂತುಣಿಗಳೊಡನೆ ಎದುರುಬದುರಾಗಿ ನಿಂತು, ಒಬ್ಬರ ಸವಾಲಿಗೆ ಮತ್ತೊಬ್ಬರು ಜವಾಬು ಹಾಡುವುದನ್ನು ನಾವು ಜಾತ್ರೆಗಳಲ್ಲಿ ಕೇಳಿಯೇ ಬೆಳೆದಿರುವೆವು. ರ‍್ಯಾಪ್ ಹಾಡುವವರಲ್ಲಿಯೂ ಇಂತಹದೇ ವಾಗ್ಯುದ್ಧದ ಪದ್ಧತಿಯಿದೆ.

ಇದರ ಹುಟ್ಟೂರು ಅಮೆರಿಕದ ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಎಂಬ ಬಡವರ ಪ್ರಾಂತವು. ೧೯೭೩ನೆಯ ಇಸವಿಯ ಆಗಸ್ಟ್ ೧೧ರಂದು ಅಲ್ಲಿಯ ವಸತಿ ಕಟ್ಟಡವೊಂದರಲ್ಲಿ ಕೂಲ್ ಹರ್ಕ್ ಎಂಬ ತರುಣನೂ ಅವನ ತಂಗಿಯೂ ಏರ್ಪಡಿಸಿದ ಒಂದು ಸಣ್ಣ ಸಂತೋಷಕೂಟದಿಂದ ಈ ಪರಂಪರೆಯು ಮೊದಲಾಯಿತೆಂದು ಎಣಿಸುವರು. ೧೯೮೨ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಷ್ ಎಂಬವನ ತಂಡದವರು ಹೊರತಂದ 'ದಿ ಮೆಸೇಜ್' ಎಂಬ ಹಾಡು ಆ ಕೇರಿಯ ದಾರಿದ್ರ್ಯವನ್ನು ಬಿಚ್ಚಿ ಹೇಳಿತು. ಅಂದರೆ ಕರಿಯ ಜನಾಂಗದ ಬಡವರು ತಮ್ಮ ಸಂಕಟವನ್ನು ಲೋಕಕ್ಕೆ ಕೇಳಿಸಲು ಕಂಡುಕೊಂಡ ದಾರಿಯಿದು. ಆದರೆ ವ್ಯಾಪಾರವು ಬೆಳೆದಂತೆ ಹಾಡಿನ ಮುಖವು ಬದಲಾಯಿತು. ೧೯೯೯ರಲ್ಲಿ 'ಬ್ಲಿಂಗ್ ಬ್ಲಿಂಗ್' ಎಂಬ ಹಾಡು ಬಂದಿತು. ಒಡವೆಗಳ ಥಳಥಳಿಕೆಗೆ ಹಾಡುಗಾರರು ಇಟ್ಟ ಆ ಹೆಸರು ಮುಂದೆ ಇಂಗ್ಲಿಷ್ ನಿಘಂಟನ್ನೇ ಸೇರಿತು. ಕೊರಳಲ್ಲಿ ಹಗ್ಗದಷ್ಟು ದಪ್ಪದ ಚಿನ್ನದ ಸರಪಳಿ, ಬೆಲೆಯುಳ್ಳ ಕಾರು, ಗಾಳಿಗೆ ತೂರುವ ನೋಟು, ಕೈಯಲ್ಲಿ ಸೀಸೆ, ಇವೇ ಜನಪ್ರಿಯವಾದ ರ‍್ಯಾಪ್ ಚಿತ್ರಗಳ ಸಾಮಗ್ರಿಗಳಾದವು. ಅದೇ ಅಚ್ಚು ಪಂಜಾಬಿಗೆ ಬಂದಿತು, ಹಿಂದಿಗೆ ಬಂದಿತು, ಕನ್ನಡಕ್ಕೂ ಬಂದಿತು.

ಸಂಶಯ

ಇಲ್ಲಿ ಸಂಶಯವೇನೆಂದರೆ: ಹಾಡಿನಲ್ಲಿ ಹೀಗೆ ಐಶ್ವರ್ಯವನ್ನು ಮೆರೆಸುವುದು ನಿಂದ್ಯವೋ, ಅಥವಾ ಬಡವನು ತನ್ನ ಏಳಿಗೆಯನ್ನು ಸಾರುವ ನಿರ್ದೋಷವಾದ ಸಂತೋಷವೋ? ಒಂದೇ ಮನೆಯಲ್ಲಿ ತಂದೆಯೊಂದು ಪಕ್ಷ, ಮಗನೊಂದು ಪಕ್ಷವಾಗಿರುವುದರಿಂದ ಈ ಸಂಶಯವು ಕೇವಲ ಪಂಡಿತರದಲ್ಲ, ಗೃಹಸ್ಥರದು.

ಪೂರ್ವಪಕ್ಷ

ನಿಂದ್ಯವೆಂಬವರ ವಾದವನ್ನು ಮೊದಲು ಕೇಳೋಣ. ಅವರಲ್ಲಿ ಮುಂದಾಳು ನಮ್ಮ ಭೀಮಾತೀರದ ನೆರೆಯವರೇ ಎಂಬುದು ಅನೇಕರಿಗೆ ತಿಳಿಯದು. ಪಂಡಿತರಾವ್ ಧರೆಣ್ಣವರ ಎಂಬವರು ಇಂಡಿ ತಾಲೂಕಿನ ಸಾಲೋಟಗಿಯವರು. ಕ್ರಿ. ಶ. ೯೪೫ರ ರಾಷ್ಟ್ರಕೂಟ ಶಾಸನದಲ್ಲಿ ವಿದ್ಯಾರ್ಥಿಗಳ ವಸತಿ ಅಶನಗಳಿಗೆ ದತ್ತಿ ಬಿಟ್ಟ ವಿಷಯವುಳ್ಳ ಊರೇ ಆ ಸಾಲೋಟಗಿ. ಇವರು ಚಂಡೀಗಢದ ಸರಕಾರಿ ಕಾಲೇಜಿಗೆ ಸಮಾಜಶಾಸ್ತ್ರದ ಅಧ್ಯಾಪಕರಾಗಿ ಹೋಗಿ, ಪಂಜಾಬಿಯನ್ನು ಕಲಿತು, ಶರಣರ ವಚನಗಳನ್ನು ಆ ಭಾಷೆಗೂ ಸಿಖ್ಖರ ಜಪಜೀಯನ್ನು ಕನ್ನಡಕ್ಕೂ ತಂದರು. ಮದ್ಯವನ್ನೂ ಬಂದೂಕನ್ನೂ ಹೊಗಳುವ ಹಾಡುಗಳು ಅಲ್ಲಿಯ ತರುಣರನ್ನು ಕೆಡಿಸುತ್ತಿರುವುದನ್ನು ಕಂಡು, ಫಲಕ ಹಿಡಿದು ಬೀದಿಯಲ್ಲಿ ನಿಂತರು; ಕೊನೆಗೆ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ೨೦೧೯ರ ಜುಲೈಯಲ್ಲಿ ಪಂಜಾಬ್ ಮತ್ತು ಹರಿಯಾಣಾ ಉಚ್ಚ ನ್ಯಾಯಾಲಯವು ಮದ್ಯ, ಮಾದಕ ಪದಾರ್ಥ, ಹಿಂಸೆಗಳನ್ನು ವೈಭವೀಕರಿಸುವ ಹಾಡುಗಳನ್ನು ಸಭೆಗಳಲ್ಲಿ ಹಾಡದಂತೆ ನೋಡಿಕೊಳ್ಳಬೇಕೆಂದು ಪೊಲೀಸರಿಗೆ ಆಜ್ಞಾಪಿಸಿತು. ೨೦೨೨ರ ಮೇ ೨೯ರಂದು ಸಿದ್ದೂ ಮೂಸೇವಾಲಾ ಎಂಬ ಪ್ರಸಿದ್ಧ ಗಾಯಕನು ಗುಂಡೇಟಿಗೆ ಬಲಿಯಾದನು. ಆ ವರ್ಷದ ನವೆಂಬರಿನಲ್ಲಿ ಪಂಜಾಬ್ ಸರಕಾರವು ಶಸ್ತ್ರಗಳನ್ನು ಮೆರೆಸುವ ಹಾಡುಗಳನ್ನು ನಿಷೇಧಿಸಿತು.

ಈ ಪಕ್ಷದವರು ಹೇಳುವುದಿಷ್ಟು. ದಿನವೂ ನೂರು ಸಲ ಕಿವಿಗೆ ಬೀಳುವ ಮಾತು ಉಪದೇಶವೇ ಆಗುವುದು. ಸೀಸೆ, ಕಾರು, ಸರಪಳಿ ಇವೇ ಪುರುಷಾರ್ಥವೆಂದು ಹಾಡು ಉಪದೇಶಿಸುತ್ತಿರಲು, ತೊಗರಿಯ ಹೊಲದಲ್ಲಿ ಬೆವರು ಸುರಿಸುವ ತಂದೆಯು ಮಗನ ಕಣ್ಣಿಗೆ ಸೋತವನಂತೆ ಕಾಣುವನು. ಚಿತ್ರದಲ್ಲಿ ಹೆಣ್ಣನ್ನು ಕಾರಿನ ಪಕ್ಕದಲ್ಲಿ ಮತ್ತೊಂದು ಒಡವೆಯಂತೆ ನಿಲ್ಲಿಸುವುದರಿಂದ, ಅಕ್ಕತಂಗಿಯರ ಮೇಲಣ ಗೌರವವೂ ಕುಗ್ಗುವುದು. ಚಿತ್ರಕ್ಕೆಂದು ಬಾಡಿಗೆಗೆ ತಂದ ವೈಭವವನ್ನು ಹುಡುಗನು ನಿಜವೆಂದು ನಂಬಿ ಸಾಲಕ್ಕೆ ಕೈಯೊಡ್ಡುವನು.

ಉತ್ತರಪಕ್ಷ

ಇನ್ನು ನಿರ್ದೋಷವೆಂಬವರ ವಾದವನ್ನೂ ಅಷ್ಟೇ ಸಹನೆಯಿಂದ ಕೇಳತಕ್ಕದ್ದು.

ಅವರ ಮೊದಲನೆಯ ಮಾತು: ನೂರಾರು ವರುಷ ಗುಲಾಮರಾಗಿ ದುಡಿದು, ಚಿನ್ನವನ್ನು ಮುಟ್ಟಲೂ ಹಕ್ಕಿಲ್ಲದವರ ಸಂತಾನವು ಇಂದು ಚಿನ್ನವನ್ನು ತೊಟ್ಟು ನಿಂತರೆ ಅದು ಕೇವಲ ಜಂಬವಲ್ಲ, ನಾನೂ ಮನುಷ್ಯನೆಂಬ ಘೋಷಣೆ. ಬ್ರೂಕ್ಲಿನ್ನಿನ ಸರಕಾರಿ ಬಡವಸತಿಯಲ್ಲಿ ಬೆಳೆದ ಜೇ ಝೀ ಎಂಬವನು ೧೦೦ ಕೋಟಿ ಡಾಲರುಗಳ ಒಡೆಯನಾದನೆಂದು ೨೦೧೯ರಲ್ಲಿ ಫೋರ್ಬ್ಸ್ ಪತ್ರಿಕೆಯು ಲೆಕ್ಕ ಹಾಕಿತು. ಅಂತಹವನು ತನ್ನ ಸಿರಿಯನ್ನು ಹಾಡಿದರೆ, ಅದೇ ಕೇರಿಯ ಬಾಲಕನಿಗೆ ಅದು ಧೈರ್ಯದ ಮಾತಾಗಿ ಕೇಳಿಸದೇ?

ಎರಡನೆಯ ಮಾತು: ಜನಪ್ರಿಯವಾದುದೇ ಸಮಸ್ತವಲ್ಲ. ಕೆಂಡ್ರಿಕ್ ಲಮಾರ್ ಎಂಬ ರ‍್ಯಾಪ್ ಕವಿಗೆ ೨೦೧೮ರಲ್ಲಿ ಸಂಗೀತದ ಪುಲಿಟ್ಜರ್ ಪಾರಿತೋಷಕವು ಬಂದಿತು. ಶಾಸ್ತ್ರೀಯ ಹಾಗೂ ಜ್ಯಾಜ್ ಸಂಗೀತಗಳ ಹೊರಗಿನವರಿಗೆ ಅದು ಸಂದುದು ಅದೇ ಮೊದಲು. ಮುಂಬಯಿಯ ಗಲ್ಲಿಗಳ ರ‍್ಯಾಪ್ ತರುಣರ ಬಾಳಿನಿಂದ ಪ್ರೇರಣೆ ಪಡೆದ 'ಗಲ್ಲಿ ಬಾಯ್' ಎಂಬ ಚಲಚ್ಚಿತ್ರವು ೨೦೧೯ರಲ್ಲಿ ಬಂದಿತು. ನಮ್ಮ ತಾಲೂಕುಗಳಿಂದ ಮುಂಬಯಿ ಪುಣೆಗಳಿಗೆ ದುಡಿಯಹೋದ ಕುಟುಂಬಗಳ ಮಕ್ಕಳು ಬೆಳೆಯುವುದೂ ಅಂತಹ ಗಲ್ಲಿಗಳಲ್ಲಿಯೇ. ಅವರಿಗೆ ಈ ಹಾಡು ನಮ್ಮ ಕಥೆಯೆಂದು ತೋರಿದರೆ ಅದರಲ್ಲಿ ಆಶ್ಚರ್ಯವೇನು?

ಮೂರನೆಯ ಮಾತು ಸ್ವಲ್ಪ ಹರಿತವಾದುದು. ೨೦೨೪ರ ನವೆಂಬರಿನಲ್ಲಿ, ಮೇಲೆ ಹೇಳಿದ ಧರೆಣ್ಣವರ ದೂರಿನ ಮೇರೆಗೆ ತೆಲಂಗಾಣ ಸರಕಾರವು ದಿಲ್ಜಿತ್ ದೊಸಾಂಝ್ ಎಂಬ ಪಂಜಾಬಿ ಗಾಯಕರಿಗೆ ಹೈದರಾಬಾದಿನ ಸಭೆಯಲ್ಲಿ ಮದ್ಯಾದಿಗಳ ಹಾಡನ್ನು ಹಾಡಬಾರದೆಂದು ನೋಟೀಸು ಕೊಟ್ಟಿತು. ಆ ಗಾಯಕರು ಬಳಿಕ ಅಹಮದಾಬಾದಿನ ಸಭೆಯಲ್ಲಿ, ಎಲ್ಲ ರಾಜ್ಯಗಳೂ ಪಾನನಿರೋಧವನ್ನು ತಂದರೆ ತಾವೂ ಅಂತಹ ಹಾಡನ್ನು ಬಿಡುವುದಾಗಿ ಪ್ರತಿಸವಾಲು ಹಾಕಿದರು. ಮದ್ಯದ ಆದಾಯವನ್ನು ಬೊಕ್ಕಸಕ್ಕೆ ತುಂಬಿಕೊಳ್ಳುವ ಕೈಯೇ ಮದ್ಯದ ಹಾಡಿಗೆ ಬೀಗ ಹಾಕುವುದು ನ್ಯಾಯವೇ ಎಂಬುದು ಈ ಪಕ್ಷದವರ ಪ್ರಶ್ನೆ.

ನಿರ್ಣಯ

ಉಭಯ ಪಕ್ಷಗಳಲ್ಲಿಯೂ ಸತ್ಯಾಂಶವಿರುವುದು. ಆದುದರಿಂದ ಒರೆಗಲ್ಲು ಬೇಕು. ಆ ಒರೆಗಲ್ಲನ್ನು ದೂರದಲ್ಲಿ ಹುಡುಕಬೇಕಾಗಿಲ್ಲ.

ಶರಣರು ಸಿರಿಯನ್ನು ಪಾಪವೆಂದು ತಳ್ಳಿದವರಲ್ಲ. ಬಸವಣ್ಣನವರು ಬಿಜ್ಜಳನ ಭಂಡಾರವನ್ನೇ ನೋಡಿಕೊಂಡಿದ್ದವರು. ಶರಣರು ಕೇಳಿದ ಪ್ರಶ್ನೆಗಳು ಎರಡೇ: ಸಿರಿಯು ಎಲ್ಲಿಂದ ಬಂದಿತು? ಎಲ್ಲಿಗೆ ಹೋಗುವುದು? ಮೊದಲನೆಯದಕ್ಕೆ ಕಾಯಕವೆಂದೂ ಎರಡನೆಯದಕ್ಕೆ ದಾಸೋಹವೆಂದೂ ಅವರ ಉತ್ತರ. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚಿಗೆ ಅಕ್ಕಿಯನ್ನು ಆಯ್ದು ತಂದಾಗ, ಇಷ್ಟೇಕೆ ಬೇಕೆಂದು ಕೇಳಿ, ಮಿಕ್ಕುದನ್ನು ತಂದಲ್ಲಿಯೇ ಸುರಿದು ಬರಲು ಹೇಳಿದವಳು ಅವನ ಮಡದಿ ಲಕ್ಕಮ್ಮ. ಬಡತನದಲ್ಲಿದ್ದೂ ಆಕೆ ಹೆಚ್ಚಿನದಕ್ಕೆ ನಾಚಿದಳೇ ಹೊರತು ಬಡತನಕ್ಕೆ ನಾಚಲಿಲ್ಲ. ನಮ್ಮ ಜೇವರ್ಗಿ ತಾಲೂಕಿನ ಅರಳಗುಂಡಗಿಯಲ್ಲಿ ಹುಟ್ಟಿದ ಶರಣಬಸವೇಶ್ವರರು ಒಕ್ಕಲುತನದಲ್ಲಿದ್ದುಕೊಂಡೇ ದಾಸೋಹವನ್ನು ನಡೆಸಿ, ಮುಂದೆ ಕಲಬುರ್ಗಿಗೆ ಬಂದು, ೧೮೨೨ರಲ್ಲಿ ಲಿಂಗೈಕ್ಯರಾದರು. ಅವರ ಮನೆಯಲ್ಲಿ ಧಾನ್ಯವಿದ್ದಿತು. ಆದರೆ ಅದನ್ನು ಜನರು ಕಂಡುದು ಉಣ್ಣುವವರ ಎಲೆಯ ಮೇಲೆ.

ಈ ಒರೆಗಲ್ಲಿನ ಮೇಲೆ ತಿಕ್ಕಿದರೆ ಹಾಡುಗಳು ತಾವಾಗಿಯೇ ಬೇರೆಬೇರೆಯಾಗುವವು. ಉಪವಾಸವಿದ್ದೆ, ದುಡಿದೆ, ಇಂದು ತಾಯಿಗೊಂದು ಮನೆ ಕಟ್ಟಿಸಿದೆ ಎಂದು ಹಾಡುವವನ ಹಾಡಿನಲ್ಲಿ ಕಾಯಕದ ನೆನಪು ಇದೆ; ಅದನ್ನು ಜಂಬವೆಂದು ನಿಂದಿಸುವುದು ಅನ್ಯಾಯ. ನನ್ನಲ್ಲಿ ಇದೆ, ನಿನ್ನಲ್ಲಿ ಇಲ್ಲ, ಆದುದರಿಂದ ನೀನು ಹುಳು ಎಂದು ಹಾಡುವವನ ಹಾಡಿನಲ್ಲಿ ಇಲ್ಲದವನ ತಿರಸ್ಕಾರವಿದೆ; ಅದಕ್ಕೆ ಎಷ್ಟು ಸೊಗಸಾದ ಪ್ರಾಸವಿದ್ದರೂ ದೋಷವು ಹೋಗದು. ಬ್ರಾಂಕ್ಸಿನ ಬಡವರ ಮಾತಾಗಿ ಹುಟ್ಟಿದ ಹಾಡು ಬಡವನನ್ನೇ ಹಳಿಯುವಂತಾದರೆ ಅದು ತನ್ನ ಕುಲವನ್ನೇ ಮರೆತಂತೆ. ಮದ್ಯದ ವಿಷಯದಲ್ಲಿ ಗಾಯಕರ ಪ್ರತಿಸವಾಲು ಸರಕಾರದ ತಪ್ಪನ್ನು ತೋರಿಸುವುದು ನಿಜ. ಆದರೆ ಅಂಗಡಿಯವನ ತಪ್ಪಿನಿಂದ ಡಂಗುರದವನ ತಪ್ಪು ಅಳಿಯದು.

ಹಾಗಾದರೆ ನಿಷೇಧವೇ ಮಾರ್ಗವೇ? ನ್ಯಾಯಾಲಯದ ಆಜ್ಞೆಯು ಸಭಾಮಂಟಪವನ್ನು ಕಾಯಬಹುದು. ಹುಡುಗನ ಕಿವಿಯೊಳಗೆ ಸಿಕ್ಕಿಸಿದ ನಳಿಕೆಯನ್ನು ಕಾಯಲಾರದು. ಅದಕ್ಕಿಂತ ಮಾತಿನಿಂದ ಆಗುವ ಕಾರ್ಯವು ಹಿರಿದು. ೨೦೨೦ರ ಆಗಸ್ಟಿನಲ್ಲಿ ಕನ್ನಡದ ರ‍್ಯಾಪ್ ಗಾಯಕ ಚಂದನ್ ಶೆಟ್ಟಿಯವರು ಮಲೆ ಮಹದೇಶ್ವರರ ಜನಪದ ಗೀತವನ್ನು ಹೊಸ ರೂಪದಲ್ಲಿ ಹೊರತಂದಾಗ, ಶರಣೆ ಸಂಕಮ್ಮನನ್ನು ತೋರಿಸಿದ ಬಗೆಯು ಭಕ್ತರ ಮನಸ್ಸನ್ನು ನೋಯಿಸಿತು. ಭಕ್ತರು ಆಕ್ಷೇಪಿಸಿದರು; ಗಾಯಕರು ಕ್ಷಮೆ ಕೋರಿದರು; ಆ ದೃಶ್ಯವನ್ನು ಹಿಂತೆಗೆದುಕೊಂಡರು. ನೊಂದವರು ನೋವನ್ನು ತಿಳಿಯಹೇಳಿದರೆ ಕೇಳುವ ಕಿವಿಯು ಹೊಸ ಹಾಡುಗಾರರಲ್ಲಿಯೂ ಇರುವುದೆಂಬುದಕ್ಕೆ ಇದು ನಿದರ್ಶನವು.

ಆದರೆ, ಸದ್ಭಕ್ತರೇ, ಹೇಳುವ ಅಧಿಕಾರವು ಯಾರಿಗೆ ಇದೆ? ಇಲ್ಲಿಯೇ ಈ ಪಾಠದ ಮರ್ಮವಿರುವುದು. ಮಗನ ಮೊಬೈಲಿನೊಳಗಿನ ಸರಪಳಿಯನ್ನು ಹಳಿಯುವ ತಂದೆಯು, ಮಗಳ ಮದುವೆಯಲ್ಲಿ ತೊಲೆಗಟ್ಟಲೆ ಬಂಗಾರವನ್ನು ಸಾಲಮಾಡಿ ತರುವುದಿಲ್ಲವೇ? ಬೀಗರ ಮುಂದೆ ತಲೆ ತಗ್ಗಬಾರದೆಂದು ಎರಡೆಕರೆ ಹೊಲವನ್ನು ಒತ್ತೆಯಿಡುವುದಿಲ್ಲವೇ? ಎದೆ ನಡುಗಿಸುವ ಡಿಜೆಯ ಸಪ್ಪಳದೊಡನೆ ಊರ ಮಂದಿಯ ನಿದ್ದೆ ಕೆಡಿಸಿ ವರನ ಮೆರವಣಿಗೆಯನ್ನು ತೆಗೆಯುವುದಿಲ್ಲವೇ? ಆ ಮೆರವಣಿಗೆಯೂ ಒಂದು ರ‍್ಯಾಪ್ ಚಿತ್ರವೇ. ಪ್ರಾಸವೊಂದು ಇಲ್ಲ, ಅಷ್ಟೆ. ಹಾಡುಗಾರನು ಬಾಡಿಗೆಯ ಕಾರನ್ನು ಸಂಜೆಗೆ ತಿರುಗಿ ಒಪ್ಪಿಸುವನು. ನಾವು ಬಡ್ಡಿಯ ಸಾಲವನ್ನು ಹತ್ತು ಸುಗ್ಗಿಯವರೆಗೂ ತೀರಿಸುವೆವು. ಮಳೆ ಕೈಕೊಟ್ಟು ತೊಗರಿ ಒಣಗಿದ ವರುಷ ಆ ಮನೆಯ ಗತಿಯೇನೆಂಬುದನ್ನು ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಕ್ಕಳು ಮೆರೆತವನ್ನು ಮೊದಲು ಕಲಿಯುವುದು ಹಾಡಿನಿಂದಲ್ಲ, ನಮ್ಮ ಹಂದರದಿಂದ.

ಆದುದರಿಂದ ಗೃಹಸ್ಥರು ಆಚರಿಸತಕ್ಕ ಮೂರು ಸಂಗತಿಗಳನ್ನು ಹೇಳಿ ಮುಗಿಸುವೆನು.

ಮೊದಲನೆಯದು: ಮಗನ ಹಾಡನ್ನು ಕಸಿದುಕೊಳ್ಳುವ ಮೊದಲು ಒಮ್ಮೆ ಅವನ ಪಕ್ಕದಲ್ಲಿ ಕುಳಿತು ಕೇಳಿರಿ. ಕೇಳಿದ ಮೇಲೆ ಅವನನ್ನು ಪ್ರಶ್ನಿಸಿರಿ: ತಮ್ಮಾ, ಇವನು ತೋರಿಸುವ ಹಣವು ಯಾವ ದುಡಿಮೆಯಿಂದ ಬಂದುದು? ಅದರಲ್ಲಿ ಯಾರಿಗೆ ಪಾಲು ಕೊಡುವನು? ಈ ಹಾಡನ್ನು ನಿನ್ನ ತಂಗಿಯ ಮುಂದೆ ಹಾಡಬಲ್ಲೆಯಾ? ಬೈಗುಳಿಗೆ ಮುಚ್ಚಿಕೊಳ್ಳುವ ಮನಸ್ಸು ಪ್ರಶ್ನೆಗೆ ತೆರೆದುಕೊಳ್ಳುವುದು.

ಎರಡನೆಯದು: ಮಾತಿನಲ್ಲಿ ಚುರುಕುಳ್ಳ ಹುಡುಗನನ್ನು ಊರ ಭಜನಾ ಮೇಳಕ್ಕೆ ಕರೆತನ್ನಿರಿ. ಕಡಕೋಳ ಮಡಿವಾಳಪ್ಪನವರೂ ಅವರ ಶಿಷ್ಯರಾದ ಚನ್ನೂರ ಜಲಾಲಸಾಹೇಬರೂ ತತ್ತ್ವಪದಗಳನ್ನು ಹಾಡಿದ ನೆಲವಿದು. ಡಾಂಭಿಕರನ್ನು ಮುಖಕ್ಕೆ ಹೊಡೆದಂತೆ ಕೇಳಿದ ಹಾಡುಗಾರರು ಹುಟ್ಟಿದ ಮಣ್ಣಿನಲ್ಲಿಯೇ ತಾನೂ ಹುಟ್ಟಿರುವೆನೆಂದು ಅವನಿಗೆ ತಿಳಿಯಲಿ. ಬಳಿಕ ಅವನು ರ‍್ಯಾಪನ್ನೇ ಹಾಡಲಿ, ಅಡ್ಡಿಯಿಲ್ಲ. ನಮ್ಮ ಬರಗಾಲವನ್ನು, ನಮ್ಮ ಸಾಲವನ್ನು, ನಮ್ಮ ತಾಯಂದಿರ ದುಡಿಮೆಯನ್ನು ಹಾಡಲಿ.

ಮೂರನೆಯದು, ಕಠಿನವಾದುದು: ಈ ವರ್ಷದ ಲಗ್ನಸರಾಯಿಯಲ್ಲಿ ನಿಮ್ಮ ಮನೆಯ ಮದುವೆಯಿದ್ದರೆ, ಸಾಲದ ಬಂಗಾರವನ್ನೂ ಡಿಜೆಯನ್ನೂ ಬಿಟ್ಟುಬಿಡಿರಿ. ಉಳಿದ ಹಣದಲ್ಲಿ ಒಂದು ಪಾಲನ್ನು ಮಗಳ ಹೆಸರಿಗೆ ಇಡಿರಿ, ಒಂದು ಪಾಲನ್ನು ದಾಸೋಹಕ್ಕೆ ಕೊಡಿರಿ. ಬೀಗರು ನಾಲ್ಕು ದಿನ ಆಡಿಕೊಂಡಾರು. ಮಗನು ಆ ಮದುವೆಯನ್ನು ಬಾಳಿನುದ್ದಕ್ಕೂ ನೆನೆದಾನು. ಅದನ್ನು ಕಂಡ ಹುಡುಗನಿಗೆ ಸರಪಳಿಯ ಹಾಡು ಬರಿಯ ಹಾಡಾಗಿಯೇ ಉಳಿಯುವುದು, ಉಪದೇಶವಾಗದು.